ಗಡ್ಡದಜ್ಜನ ಕೊನೆಯ ಪಾಠ

ಸೊಲೊಮಿಯಾ ನಮ್ಮ ಮನೆಗೆ ಬಾಡಿಗೆಗೆ ಬಂದ ದಿನವೇ ಕೋಣೆಯ ಕನ್ನಡಿಗೆ ಒಂದು ನೋಟು ಸಿಕ್ಕಿಸಿದಳು. ಯುಕ್ರೇನಿನ ಐವತ್ತರ ನೋಟು. ಅದರ ಮೇಲೆ ದೊಡ್ಡ ಗಡ್ಡದ ಒಬ್ಬ ಮುದುಕ. ನನ್ನ ಅತ್ತೆ ಎಸ್ತರ್‌ಬಾಯಿ ಅವನು ಯಾರೋ ಸಂತನೆಂದುಕೊಂಡು ಆ ಕೋಣೆ ಗುಡಿಸುವಾಗೆಲ್ಲ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಸಂತನಲ್ಲ, ಇತಿಹಾಸ ಬರೆದವನು ಎಂದು ನಾನು ಹೇಳಿದ ದಿನ ಅವರ ಮುಖ ಸಪ್ಪೆಯಾಯಿತು.

“ಮತ್ತೆ ಅಷ್ಟು ದೊಡ್ಡ ಗಡ್ಡ ಎಂತಕ್ಕೆ ಮಾರಾಯ್ತಿ?” ಎಂದರು.

ಅಂದಿನಿಂದ ಆ ಮನುಷ್ಯ ನಮ್ಮ ಮನೆಯಲ್ಲಿ ಗಡ್ಡದಜ್ಜ. ನಿಜವಾದ ಹೆಸರು ನನ್ನ ನಾಲಿಗೆಗೆ ಇಂದಿಗೂ ಹೊರಳುವುದಿಲ್ಲ.

ನನ್ನ ಗಂಡ ಡೆಸ್ಮಂಡ್ ಒಮಾನಿನ ದೂರದ ಬಂದರಾದ ದುಕ್ಮ್‌ನಲ್ಲಿ ಕೆಲಸದಲ್ಲಿದ್ದಾರೆ. ತಿಂಗಳಿಗೊಮ್ಮೆ ಕಂಪನಿ ಬಸ್ಸಿನಲ್ಲಿ ಬಂದು, ನಿದ್ದೆ ಮಾಡಿ, ಮತ್ತೆ ಹೋಗುತ್ತಾರೆ. ಮಸ್ಕತ್ತಿನ ಅಲ್ ಗುಬ್ರಾದ ಫ್ಲ್ಯಾಟಿನಲ್ಲಿ ನಾನು ಮತ್ತು ಮಾಂಯ್ ಇಬ್ಬರೇ. ಅತ್ತೆಗೆ ಕೊಂಕಣಿಯಲ್ಲಿ ಮಾಂಯ್ ಎನ್ನುತ್ತೇವೆ. ಕೋಣೆ ಖಾಲಿ ಬಿದ್ದಿತ್ತು. ಸೊಲೊಮಿಯಾ ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕು ಅಲ್ ಖುವೈರಿನಲ್ಲಿ ನನ್ನ ಆಫೀಸಿನ ಹಿಂದಿನ ರಸ್ತೆಯಲ್ಲೇ ಇತ್ತು. ಹಾಗೆ ಅವಳು ನಮ್ಮ ಮನೆಯವಳೂ ನನ್ನ ಕಾರಿನವಳೂ ಆದಳು. ಮಾಂಯ್ ಅವಳನ್ನು ಒಂದೇ ವಾರದಲ್ಲಿ ನಮ್ಮೂರಿನ ಸಲೋಮಿ ಮಾಡಿಬಿಟ್ಟರು.

ಖಾರ್ಕಿವ್‌ನ ಒಂದು ಶಾಲೆಯಲ್ಲಿ ಅವಳು ಸಂಗೀತ ಕಲಿಸುತ್ತಿದ್ದಳು. ಗಂಡ ಓಸ್ತಾಪ್ ಅದೇ ಶಾಲೆಯ ಇತಿಹಾಸದ ಮೇಷ್ಟ್ರು. ಯುದ್ಧ ಶುರುವಾದಾಗ ಅವನು ಸೈನ್ಯಕ್ಕೆ ಸೇರಿದ, ಇವಳು ಯಾರದೋ ಪರಿಚಯದಿಂದ ಕೆಲಸ ಹಿಡಿದು ಮಸ್ಕತ್ತಿಗೆ ಬಂದಳು. ಬಂದ ವರ್ಷವೇ ಅವನು ಬಖ್ಮುತ್ ಹತ್ತಿರ ಕಾಣೆಯಾದ. ಸತ್ತ ಎಂದು ಯಾರೂ ಹೇಳಲಿಲ್ಲ, ಸೆರೆಯಲ್ಲಿದ್ದಾನೆ ಎಂದೂ ಹೇಳಲಿಲ್ಲ. ಕಾಣೆ, ಅಷ್ಟೇ. ಇದಕ್ಕಿಂತ ಕೆಟ್ಟ ಮಾತು ಇನ್ನೊಂದಿದೆ ಎಂದು ನನಗನ್ನಿಸುವುದಿಲ್ಲ.

ಓಸ್ತಾಪನ ತರಗತಿಯ ಮಕ್ಕಳು ಪೋಲೆಂಡು, ಜರ್ಮನಿ ಎಂದು ಚೆಲ್ಲಾಪಿಲ್ಲಿಯಾಗಿದ್ದರು. ಶುಕ್ರವಾರ ಸಂಜೆ, ಅಲ್ಲಿಯ ಶಾಲೆ ಬಿಟ್ಟ ಮೇಲೆ, ಸೊಲೊಮಿಯಾ ಲ್ಯಾಪ್‌ಟಾಪ್ ತೆರೆದು ಅವರಿಗೆ ಇತಿಹಾಸ ಹೇಳುತ್ತಿದ್ದಳು. ಸಂಗೀತದ ಟೀಚರ್ ಇತಿಹಾಸ ಹೇಳುವುದೆಂದರೆ ನನಗೆ ನಗು. ಆದರೆ ಹೈವೇಯಲ್ಲಿ ಕಾರುಗಳು ಆಮೆ ಹೆಜ್ಜೆ ಇಡುವಾಗ ಅವಳು ಅದೇ ಪಾಠವನ್ನು ನನಗೂ ಒಪ್ಪಿಸುತ್ತಿದ್ದಳು. ಇತಿಹಾಸವೆಂದರೆ ಆಕಳಿಸುವ ನಾನು ಗಡ್ಡದಜ್ಜನ ಕತೆಯನ್ನು ಹಾಗೇ ಕಲಿತೆ.

ಅವನ ಕಾಲದಲ್ಲಿ ಅವನ ಜನಕ್ಕೆ ದೇಶವೇ ಇರಲಿಲ್ಲ. ನಿಮಗೆಂಥ ಇತಿಹಾಸ ಎಂದು ದೊಡ್ಡವರು ನಕ್ಕರಂತೆ. ಅವನು ಸಂಪುಟದ ಮೇಲೆ ಸಂಪುಟ ಬರೆದ. ಆಮೇಲೆ ಕ್ರಾಂತಿಯಾಗಿ ಅವನನ್ನೇ ದೇಶದ ಸಭೆಗೆ ಅಧ್ಯಕ್ಷನನ್ನಾಗಿ ಕೂರಿಸಿದರು. ಅದು ಒಂದು ವರ್ಷ ಬಾಳಿತೋ ಇಲ್ಲವೋ. ಫಿರಂಗಿಯ ಗುಂಡು ಬಿದ್ದು ಮನೆ ಸುಟ್ಟಿತು, ಪುಸ್ತಕಗಳೆಲ್ಲ ಬೂದಿಯಾದವು. ಕೊನೆಗೆ ಅವನು ಹೆಂಡತಿ, ಮಗಳೊಡನೆ ವಿಯೆನ್ನಾ ಸೇರಿದ.

ವಿಯೆನ್ನಾಕ್ಕೆ ಬಂದು ಪಾಠ ನಿಂತುಬಿಡುತ್ತಿತ್ತು. ಮುಂದಿನ ವಾರ ಮತ್ತೆ ಅವನ ಬಾಲ್ಯ, ಮತ್ತೆ ಅವನು ಪ್ರೊಫೆಸರ್ ಆದದ್ದು, ಮತ್ತೆ ಸುಟ್ಟ ಮನೆ. ಮೂರನೇ ಸಲ ಮನೆ ಸುಟ್ಟಾಗ ನನ್ನ ತಾಳ್ಮೆ ಮುಗಿಯಿತು.

“ಆಮೇಲೆ ಎಂತ ಆಯ್ತು? ಸತ್ತನಾ, ಬದುಕಿದನಾ?”

“ವಾಪಸು ಹೋದ,” ಎಂದಳು ಸೊಲೊಮಿಯಾ. “ಪುಸ್ತಕ ಮುಗಿಸಲಿಕ್ಕೆ ಹಳೆಯ ಕಾಗದಪತ್ರ ಬೇಕಿತ್ತು. ಅಲ್ಲಿ ಆಳುತ್ತಿದ್ದವರು ಮನೆ ಸುಟ್ಟವರೇ ಎಂದು ಗೊತ್ತಿದ್ದೂ ಹೋದ. ಆ ಪಾಠ ನಾನು ಮಾಡುವುದಿಲ್ಲ, ಅದು ಓಸ್ತಾಪನದ್ದು.”

ಪ್ರತಿ ವರ್ಷ ಓಸ್ತಾಪ್ ಆ ಪಾಠಕ್ಕೆ ಮೊದಲು ಡೆಸ್ಕುಗಳನ್ನೆಲ್ಲ ಗೋಡೆಗೆ ಸರಿಸುತ್ತಿದ್ದನಂತೆ. ಅಜ್ಜ ಮರಳಿ ಹೋಗಲಿ ಎನ್ನುವವರು ಕಿಟಕಿಯ ಬದಿಗೆ ನಿಲ್ಲಬೇಕು, ಬೇಡ ಎನ್ನುವವರು ಬಾಗಿಲ ಬದಿಗೆ. ಮಕ್ಕಳು ಜಗಳವಾಡಿ ಸುಸ್ತಾದ ಮೇಲೆ ನಡೆದದ್ದನ್ನು ಹೇಳುತ್ತಿದ್ದ. ಸೈನ್ಯಕ್ಕೆ ಹೊರಟ ದಿನ ಆ ತರಗತಿಯವರಿಗೆ ಮಾತು ಕೊಟ್ಟಿದ್ದ, ಆ ಪಾಠ ನಾನೇ ಬಂದು ಮಾಡುತ್ತೇನೆ ಎಂದು. ಅದಕ್ಕೇ ಸೊಲೊಮಿಯಾ ಅಜ್ಜನನ್ನು ವಿಯೆನ್ನಾದಲ್ಲೇ ಕಾಯಿಸುತ್ತಿದ್ದಳು. ಅಜ್ಜ ಮರಳುವ ರೈಲು ಹತ್ತುವವರೆಗೆ ಓಸ್ತಾಪ್ ಬರುವುದು ಇನ್ನೂ ಬಾಕಿಯಿದೆ. ಅವಳಿಗೆ ಉಳಿದದ್ದು ಅದೊಂದೇ ಎಂದು ನನಗೆ ಅರ್ಥವಾಯಿತು. ಮತ್ತೆ ಕೇಳಲಿಲ್ಲ.

ಮಾಂಯ್‌ಗೆ ಇದೊಂದೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ, ಸಲೋಮಿಯ ಗಂಡನಿಗೆ ಮೂರು ವರ್ಷದಿಂದ ಒಂದು ಮೀಸ್ ಆಗಿಲ್ಲ. ಮೀಸ್ ಎಂದರೆ ಇಗರ್ಜಿಯ ಬಲಿಪೂಜೆ. ಸತ್ತವರ ಹೆಸರಿನಲ್ಲಿ ಪೂಜೆ ಹೇಳಿಸದೆ ಬಿಡುವುದೆಂದರೆ ನಮ್ಮವರಿಗೆ ನೀರು ಕೇಳಿದವನಿಗೆ ಬಾಗಿಲು ಹಾಕಿದ ಹಾಗೆ.

ನವೆಂಬರ್ ತಿಂಗಳು, ಸತ್ತವರನ್ನು ನೆನೆಯುವ ತಿಂಗಳು. ಇಲ್ಲಿ ವಾರದ ರಜೆ ಶುಕ್ರವಾರ, ಇಗರ್ಜಿಗೆ ಹೋಗುವುದೂ ಅಂದೇ. ಆ ಶುಕ್ರವಾರ ಬೆಳಿಗ್ಗೆ ಎದ್ದಾಗ ಮಾಂಯ್ ಆಗಲೇ ದೊಡ್ಡ ಪಾತ್ರೆಯಲ್ಲಿ ಕೋಳಿ ಬೇಯಿಸುತ್ತಿದ್ದರು. ಡೆಸ್ಮಂಡ್ ಬರುವ ವಾರವಲ್ಲ, ಯಾರಿಗೆ ಇಷ್ಟು ಎಂದು ಕೇಳಿದರೆ, “ಸಲೋಮಿಯನ್ನೂ ಇಗರ್ಜಿಗೆ ಕರಿ,” ಎಂದರು. ಅವಳು ಬಂದಳು. ನಮ್ಮ ಪೂಜೆ ಕೊಂಕಣಿಯಲ್ಲಿ, ಅವಳಿಗೆ ಒಂದಕ್ಷರ ತಿಳಿಯದು. ಆದರೂ ಹಾಡು ಕೇಳಲಿಕ್ಕೆಂದು ಆಗಾಗ ಬರುತ್ತಿದ್ದಳು.

ಪೂಜೆಗೆ ಮೊದಲು ಮೈಕಿನಲ್ಲಿ ಹೆಸರುಗಳನ್ನು ಓದಿದರು. ಮೊದಲು ಹುಟ್ಟಿದಹಬ್ಬದವರು, ಮದುವೆಯ ವರ್ಷ ತುಂಬಿದವರು. ಆಮೇಲೆ ಮರಣ ಹೊಂದಿದವರು. ಅದರಲ್ಲಿ ನಮ್ಮ ಕೆಳಗಿನ ಮನೆಯ ಕಾರ್ಮಿನ್‌ಬಾಯಿಯ ಹೆಸರು ಬಂತು. ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ, ಪೆಟ್ಟಿಗೆಯನ್ನು ಮಂಗಳೂರಿನ ವಿಮಾನಕ್ಕೆ ಕಳಿಸುವ ಮೊದಲು, ಸೊಲೊಮಿಯಾ ನಮ್ಮ ಜೊತೆ ಅದರ ಬದಿಯಲ್ಲೇ ನಿಂತಿದ್ದಳು. ಕಾರ್ಮಿನ್‌ಬಾಯಿಯ ನಂತರದ ಹೆಸರು ಓಸ್ತಾಪ್.

ನಾನು ಬೆಂಚಿನ ಅಂಚನ್ನು ಹಿಡಿದುಕೊಂಡೆ. ಸೊಲೊಮಿಯಾ ಗಂಡನ ಹೆಸರು ಕೇಳಿದ್ದೇ ತಲೆಯೆತ್ತಿ ನಕ್ಕಳು, ಅವನು ಕ್ಷೇಮವಾಗಿ ಬರಲೆಂದು ಬೇಡುತ್ತಿದ್ದಾರೆ ಎಂಬಂತೆ. ಮಾಂಯ್‌ನ ಕೈ ಮುಟ್ಟಿ ಥ್ಯಾಂಕ್ಸ್ ಎಂದಳು. ಮಾಂಯ್‌ಗೂ ಸಮಾಧಾನ. ಮುಂದಿನ ಬೆಂಚಿನಲ್ಲಿ ಕಾರ್ಮಿನ್‌ಬಾಯಿಯ ಮಗಳು ಅಳುತ್ತಿದ್ದಳು. ಸೊಲೊಮಿಯಾ ಅವಳ ಬೆನ್ನನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನನ್ನ ಮುಖ ಏನನ್ನೂ ಮುಚ್ಚಿಡುವ ಮುಖವಲ್ಲ. ಅವಳ ನಗು ಹಾಗೇ ಆರಿಹೋಯಿತು.

ಕಾರಿನಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಿಂದೆ ಕೂತವಳಿಗೆ ತಿಳಿಯದಿರಲೆಂದು ಕೊಂಕಣಿಯಲ್ಲೇ ಕೇಳಿದೆ.

“ಅವನು ಸತ್ತಿದ್ದಾನೆ ಅಂತ ನಿಮಗೆ ಯಾರು ಹೇಳಿದ್ದು, ಮಾಂಯ್?”

“ಯಾರು ಹೇಳ್ಬೇಕು? ಬದುಕಿದ್ರೆ ಮೂರು ವರ್ಷದಲ್ಲಿ ಹೆಂಡ್ತಿಗೆ ಒಂದು ಮಾತು ಬರ್ತಿರಲಿಲ್ವಾ? ಆ ಆತ್ಮ ಎಲ್ಲಿ ಅಲೆಯುತ್ತದೋ. ಇವಳಿಗೆ ಹೇಳಲಿಕ್ಕೆ ಇಲ್ಲಿ ತಾಯಿ ಉಂಟಾ, ಅತ್ತೆ ಉಂಟಾ? ನಾನಲ್ದೆ ಯಾರು ಮಾಡ್ಬೇಕು?” ಮಾಂಯ್ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಿನಗೆ ಮಾತ್ರ ಗೊತ್ತಿಲ್ವಾ ಕ್ಲಾರಿಸ್ಸಾ?”

ನನಗೂ ಗೊತ್ತಿತ್ತು. ಹಿಂದೆ ಕೂತವಳಿಗೂ ಗೊತ್ತಿತ್ತೆಂದು ಕಾಣುತ್ತದೆ. ಬಾಯಿಬಿಟ್ಟು ಹೇಳಿದವರು ಯಾರೂ ಇರಲಿಲ್ಲ, ಅಷ್ಟೇ. ಅದನ್ನು ಮಾಂಯ್ ಪ್ರೀತಿಯಿಂದ ಮೈಕಿನಲ್ಲಿ ಹೇಳಿಸಿದ್ದರು.

ಮಧ್ಯಾಹ್ನ ಸೊಲೊಮಿಯಾ ಊಟಕ್ಕೆ ಬರಲಿಲ್ಲ. ಸಂಜೆ ನಾನು ಚಹಾ ಹಿಡಿದು ಹೋದಾಗ ಕೋಣೆಯ ಬಾಗಿಲು ತೆರೆದೇ ಇತ್ತು, ಪಾಠ ನಡೆದಿತ್ತು. ಲ್ಯಾಪ್‌ಟಾಪಿನ ಚೌಕಗಳಲ್ಲಿ ಮಕ್ಕಳು. ಅವಳು ಏನೋ ಕೇಳಿದಳು. ಮಕ್ಕಳು ಕೈ ಎತ್ತಿದರು, ಎಲ್ಲರೂ. ಅವರ ಭಾಷೆ ಬರದಿದ್ದರೂ ನನಗೆ ಪಾಠ ಯಾವುದೆಂದು ತಿಳಿಯಿತು. ಅವಳ ಧ್ವನಿ ಏರಿಳಿತವಿಲ್ಲದೆ ಮುಂದೆ ಹೋಯಿತು. ನಡುವೆ ಒಬ್ಬಳು ಹುಡುಗಿ ಏನೋ ಕೇಳಿದಳು. ಸೊಲೊಮಿಯಾ ಉತ್ತರ ಕೊಟ್ಟಳು. ಚಹಾ ಆರಿತು, ನಾನು ಅಲ್ಲೇ ನಿಂತಿದ್ದೆ.

ಮುಗಿದ ಮೇಲೆ ಅವಳೇ ಹೇಳಿದಳು. “ಹೋಗುವುದು ಬೇಡ ಅಂತ ಎಲ್ಲರೂ ಕೈ ಎತ್ತಿದರು. ಓಸ್ತಾಪನ ತರಗತಿಯಲ್ಲಿ ಹಾಗೆ ಎಂದೂ ಆಗಿರಲಿಲ್ಲ. ಅಜ್ಜ ಹೋದ, ಹಿಡಿದರು, ದೂರದ ಊರಲ್ಲಿ ಸತ್ತ, ಆಮೇಲೆ ಅವನ ಮಗಳೂ ಶಿಬಿರದಲ್ಲಿ ಸತ್ತಳು ಅಂದೆ. ಪುಸ್ತಕ ಮುಗಿಯಲಿಲ್ಲ ಅಂದೆ.”

“ಆ ಹುಡುಗಿ ಎಂತ ಕೇಳಿದ್ದು?”

“ಇದು ಮೇಷ್ಟ್ರು ಬಂದು ಮಾಡುವ ಪಾಠ ಅಲ್ವಾ ಅಂತ. ಇನ್ನು ಮುಂದೆ ಎಲ್ಲ ಪಾಠ ನಾನೇ ಮಾಡುತ್ತೇನೆ ಅಂದೆ.”

ಅವಳು ಎದ್ದು ಅಡುಗೆಮನೆಗೆ ಹೋದಳು. ಮಾಂಯ್ ಮುಚ್ಚಿಟ್ಟ ಕೋಳಿಸಾರಿನ ಮುಂದೆ ತಪ್ಪು ಮಾಡಿದವರ ಹಾಗೆ ಕೂತಿದ್ದರು. ಸೊಲೊಮಿಯಾ ಅವರ ಎದುರು ಸ್ಟೂಲೆಳೆದು ಕೂತು, ಕಾರ್ಮಿನ್‌ಬಾಯಿಗೆ ಮುಂದಿನ ವರ್ಷವೂ ಹೀಗೇ ಓದಿಸುತ್ತಾರಾ ಎಂದು ನನ್ನ ಮೂಲಕ ಕೇಳಿದಳು. ಹೌದು, ನವೆಂಬರಿನಲ್ಲಿ ಮಾತ್ರವಲ್ಲ, ಪ್ರತಿ ವರ್ಷ ತೀರಿಕೊಂಡ ತಾರೀಖಿಗೂ, ಎಂದರು ಮಾಂಯ್.

“ಹಾಗಾದರೆ ಓಸ್ತಾಪನಿಗೂ ಮಾಡಿಸಿ.”

ಮಾಂಯ್‌ನ ಮುಖ ಅರಳಿತು. ನನ್ನ ಕಡೆ ತಿರುಗಿ, “ತಾರೀಖು ಯಾವುದು ಅಂತ ಕೇಳು,” ಎಂದರು. ಕೇಳಿದ ಮೇಲೆಯೇ ಅವರಿಗೆ ಹೊಳೆದದ್ದು. ಮಾತನ್ನು ಹಿಂದಕ್ಕೆ ಎಳೆದುಕೊಳ್ಳುವವರಂತೆ ಬಾಯಿಗೆ ಕೈ ಇಟ್ಟುಕೊಂಡರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಆದರೂ ಸೊಲೊಮಿಯಾ ಉತ್ತರ ಕೊಟ್ಟಳು.

“ಟುಡೇ,” ಎಂದಳು.

ಮಾಂಯ್‌ಗೆ ಗೊತ್ತಿರುವ ನಾಲ್ಕು ಇಂಗ್ಲಿಷ್ ಮಾತುಗಳಲ್ಲಿ ಅದೂ ಒಂದು.