ದೋಣಿಯವರಿಗೆ ಕೊಟ್ಟ ಪ್ರಮಾಣಪತ್ರ

ಎಂಟಡಿ ಉದ್ದದ ಬ್ಯಾನರಿಗೆ ಆರುನೂರು ಪೆಸೊ. ಪ್ರಮಾಣಪತ್ರದ ದಪ್ಪ ಕಾಗದ ಹತ್ತಕ್ಕೆ ಮೂವತ್ತೈದು. ಹಾರ್ಡ್‌ವೇರ್ ಅಂಗಡಿಯ ಗೌದೆನ್ಸಿಯೊ ಶಾಲೆಗೆ ಕೊಟ್ಟ ಬಣ್ಣ ಹನ್ನೆರಡು ಡಬ್ಬಿ. ಡಬ್ಬಿಗೆ ಏಳುನೂರು ಎಂದು ಅವನೇ ಬರೆಸಿದ. ಅದರಲ್ಲಿ ಐದು ಡಬ್ಬಿ ಒಳಗೇ ಗಟ್ಟಿಯಾಗಿ ಹೋಗಿದ್ದವು, ಬೆಲೆ ಮಾತ್ರ ಇಳಿಯಲಿಲ್ಲ. ಸಂತೆಯಲ್ಲಿ ಇಪ್ಪತ್ತೆರಡು ವರ್ಷ ಅಕ್ಕಿಹಿಟ್ಟಿನ ಪುತೊ ಬೇಯಿಸಿ ಮಾರಿದವಳು ನಾನು. ಯಾವುದಕ್ಕೆ ಎಷ್ಟು ಬೆಲೆ ಎಂದು ನೋಡಿದ ಕೂಡಲೇ ಹೇಳಬಲ್ಲೆ ಎಂಬ ಜಂಬವಿತ್ತು.

ಆ ಜಂಬ ನೋಡಿಯೇ ಬೊಹೊಲ್ ದ್ವೀಪದ ಕರಾವಳಿಯ ನಮ್ಮ ಶಾಲೆಯವರು ನನ್ನನ್ನು ಪೋಷಕರ ಸಂಘದ ಅಧ್ಯಕ್ಷೆ ಮಾಡಿದ್ದು. ಪ್ರತಿವರ್ಷ ಶಾಲೆ ತೆರೆಯುವ ಮುಂಚೆ ಒಂದು ವಾರ ಬ್ರಿಗಾಡಾ: ಊರಿನ ಸಂಘ ಸಂಸ್ಥೆಗಳೆಲ್ಲ ಬಂದು ಶಾಲೆಯನ್ನು ರಿಪೇರಿ ಮಾಡುತ್ತವೆ. ಯಾರು ಏನು ಕೊಟ್ಟರೆಂದು ಬರೆಯುವುದು ನನ್ನ ಕೆಲಸ. ಫಾರಂನಲ್ಲಿ ಮೂರು ಕಲಂ: ಹೆಸರು, ಕೊಟ್ಟದ್ದು, ಅದರ ಬೆಲೆ.

ದೋಣಿಗಾರರ ಸಂಘದವರು ಏಳು ಜನ, ಮುಖಂಡರು ನೋಯ್ ತೆಬಾನ್; ನೋಯ್ ಎಂದರೆ ನಮ್ಮಲ್ಲಿ ಅಣ್ಣ. ಎದುರಿನ ಪುಟ್ಟ ದ್ವೀಪದ ಮೂವತ್ತೊಂದು ಮಕ್ಕಳನ್ನು ಆರು ವರ್ಷಗಳಿಂದ ದಿನಾ ಬಿಟ್ಟಿಯಾಗಿ ದಾಟಿಸುವವರು ಅವರೇ. ಆ ದೋಣಿ ನಿಂತರೆ ಆ ಮಕ್ಕಳಿಗೆ ಶಾಲೆಯೂ ನಿಂತಂತೆ. ಮಕ್ಕಳ ಜೊತೆ ಗೇಟಿನ ತನಕ ನಡೆದು ಬಂದು, ಚಿಲಕ ಸಡಿಲವಾಗಿದ್ದರೆ ಬಿಗಿಮಾಡಿ, ನಲ್ಲಿ ಸೋರುತ್ತಿದ್ದರೆ ಕಟ್ಟಿ ಹೋಗುತ್ತಿದ್ದರು. ಒಂದು ವರ್ಷ ಬ್ರಿಗಾಡಾಕ್ಕೆ ನಾಲ್ಕು ದಿನ ಮೀನಿಗೆ ಹೋಗದೆ ಶಾಲೆಯ ಬಿದಿರು ಬೇಲಿಯನ್ನು ಹೊಸದಾಗಿ ಕಟ್ಟಿಕೊಟ್ಟರು.

"ಬೆಲೆ ಎಷ್ಟು ಬರೀಲಿ, ನೋಯ್?" ಎಂದು ಕೇಳಿದೆ.

"ಒಂದು ತಟ್ಟೆ ಪುತೊ ಅಂತ ಬರಿ, ಸಿಯೊನಿಂಗ್. ನಿನ್ನೆ ಕೊಟ್ಟಿದ್ದು ಇನ್ನೂ ಹೊಟ್ಟೇಲಿ ಲಂಗರು ಹಾಕ್ಕೊಂಡು ಕೂತಿದೆ."

"ತಮಾಷೆ ಸಾಕು. ದಿನಕ್ಕೆ ಎಷ್ಟು ಕೂಲಿ ಹಿಡೀಲಿ?"

"ನಮ್ಮ ಮಕ್ಕಳ ಬೇಲಿಗೆ ಎಂಥಾ ಕೂಲಿ? ಬಿಟ್ಬಿಡು."

ಬಿಟ್ಟೇಬಿಟ್ಟೆ. ಬೆಲೆಯ ಕಲಂ ಖಾಲಿಯಿದ್ದರೆ ಫಾರಂ ಶಿಕ್ಷಣ ಇಲಾಖೆಯಿಂದ ವಾಪಸು ಬರುತ್ತದೆ. ಅದಕ್ಕೇ ಆ ಸಾಲನ್ನು ಪೂರ್ತಿ ಹೊಡೆದುಹಾಕಿದೆ. ಅದೇ ಪಟ್ಟಿ ಬ್ಯಾನರ್ ಅಂಗಡಿಗೂ ಹೋಯಿತು, ಮುಖ್ಯೋಪಾಧ್ಯಾಯಿನಿ ಪಿಲಿತಾ ಮೇಡಂ ಕೈಗೂ ಹೋಯಿತು.

ಕೊಟ್ಟವರಿಗೆ ಪ್ರಮಾಣಪತ್ರ ಹಂಚುವ ಸಮಾರಂಭದ ದಿನ ಗೇಟಿನ ಮೇಲಿನ ಬ್ಯಾನರಿನಲ್ಲಿ ಮೊರದಗಲದ ಗೌದೆನ್ಸಿಯೊ ಮುಖ. ನಾನೇ ಕರೆದಿದ್ದೆನಲ್ಲ, ದೋಣಿಯವರು ಏಳೂ ಜನ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಎರಡನೇ ಸಾಲು. ಮೇಡಂ ಒಂದೊಂದೇ ಹೆಸರು ಕರೆದರು. "ಕೊನೆಯದಾಗಿ" ಎಂದಾಗ ನೋಯ್ ತೆಬಾನ್ ಮಂಡಿಯ ಮೇಲೆ ಕೈಯೂರಿ ಅರ್ಧ ಎದ್ದರು. ಕರೆದದ್ದು ಸಾಲದ ಸಹಕಾರ ಸಂಘದ ಹೆಸರು. ಅವರು ಮೆಲ್ಲಗೆ ಕೂತು ಚಪ್ಪಾಳೆ ತಟ್ಟಿದರು.

ನಾನು ಕಚೇರಿಗೆ ಓಡಿದೆ. ಪ್ರಮಾಣಪತ್ರ ಮುಗಿದಿದ್ದವು. ಕಪಾಟಿನಲ್ಲಿ ಹಿಂದಿನ ವರ್ಷದ ಕ್ರೀಡಾಕೂಟದ್ದೊಂದು ಉಳಿದಿತ್ತು. ಹೆಸರಿನ ಜಾಗದಲ್ಲಿ ಅವರ ಸಂಘದ ಹೆಸರು ಗೀಚಿ ಮೇಡಂ ಕೈಗೆ ತುರುಕಿದೆ. ಅವರು ಇದ್ದದ್ದನ್ನು ಇದ್ದ ಹಾಗೆ ಮೈಕಿನಲ್ಲಿ ಓದಿದರು: "ಹಗ್ಗಜಗ್ಗಾಟದಲ್ಲಿ ಭಾಗವಹಿಸಿದ್ದಕ್ಕಾಗಿ..."

"ಗೆದ್ದೋರು ಯಾರು, ನೋಯ್? ನೀವೋ ಮೀನೋ?" ಎಂದು ಗೌದೆನ್ಸಿಯೊ ಕೂಗಿದ. ಸಭೆಯೇ ನಕ್ಕಿತು. ನೋಯ್ ತೆಬಾನ್ ಎರಡೂ ಕೈ ಚಾಚಿ ಅದನ್ನು ತಗೊಂಡು, ಫೋಟೊ ತೆಗೆಯುವ ತನಕ ನಿಂತರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಮುಖ ತೋರಿಸುವ ಧೈರ್ಯಕ್ಕೆ ಒಂದು ವಾರ ಹಿಡಿಯಿತು. ದ್ವೀಪಕ್ಕೆ ಹೋದಾಗ ಅವರ ಮನೆಯ ಗೋಡೆಯಲ್ಲಿ ಆ ಪತ್ರ ಗಾಜಿನ ಚೌಕಟ್ಟಿನೊಳಗಿತ್ತು. ಹಗ್ಗಜಗ್ಗಾಟ ಎಂದಿದ್ದ ಸಾಲಿನ ಮೇಲೆ ಅವರ ಹೆಂಡತಿ ಮೊಮ್ಮಗಳ ಫೋಟೊ ಅಂಟಿಸಿದ್ದರು. ಸಂಘದ ಹೆಸರು ಮಾತ್ರ ಕಾಣುತ್ತಿತ್ತು, ನನ್ನ ಅವಸರದ ಕೈಬರಹದಲ್ಲಿ.

"ತಪ್ಪಾಯ್ತು, ನೋಯ್. ನನ್ನ ದುಡ್ಡಲ್ಲೇ ಬೇರೆ ಬ್ಯಾನರ್ ಮಾಡಿಸ್ತೀನಿ. ನಿಮ್ಮ ಹೆಸರೇ ಮೇಲೆ."

"ಅದಕ್ಕೆಷ್ಟಾಗತ್ತೆ?"

"ಆರುನೂರು."

"ನೋಡಿ, ಮತ್ತೆ ಬೆಲೆಗೇ ಬಂದ್ರಿ. ಬೇಡ ಬಿಡಿ, ಅಧ್ಯಕ್ಷರೇ. ಮೀನು ಸುಟ್ಟಿದಾಳೆ, ತಿನ್ನಿ."

ಅಷ್ಟು ವರ್ಷ ಸಿಯೊನಿಂಗ್ ಎಂದು ಹೆಸರು ಹಿಡಿದು ಕರೆದವರು. ದೋಣಿ ಇನ್ನು ಬರುತ್ತದೋ ಇಲ್ಲವೋ ಎಂದು ಕೇಳಬೇಕಿತ್ತು, ಮೀನಿನ ಮುಳ್ಳು ಬಿಡಿಸುತ್ತ ಕೂತೆ. ಅವರಿಗೇ ಗೊತ್ತಾಯಿತು.

"ದೋಣಿ ಬರತ್ತೆ. ಮಕ್ಕಳೇನು ತಪ್ಪು ಮಾಡಿದ್ವು? ಆದ್ರೆ ದಡದಲ್ಲೇ ಇಳಿಸಿ ಹೋಗ್ತೀವಿ. ಆ ಗೇಟಿನ ಹತ್ರ ಬರೋಕೆ ನಮ್ಮೋರಿಗೆ ನಾಚಿಕೆ."

"ನಾಚಿಕೆ ಪಡಬೇಕಾದೋಳು ನಾನು, ನೋಯ್."

"ಅದು ನಿಮಗೆ ಬಿಟ್ಟಿದ್ದು" ಎಂದು ನನ್ನ ತಟ್ಟೆಗೆ ಇನ್ನೊಂದು ಮೀನು ಹಾಕಿದರು.

ಮುಂದಿನ ಬ್ರಿಗಾಡಾಕ್ಕೆ ಅವರು ಬರಲಿಲ್ಲ. ಬೇಲಿಯ ಕಟ್ಟು ಸಡಿಲವಾಗಿತ್ತು. ಇಬ್ಬರು ಬಡಗಿಗಳನ್ನು ಕರೆಸಿ, ದಿನಕ್ಕೆ ಐನೂರರಂತೆ ಕೊಟ್ಟು ಸರಿಮಾಡಿಸಿದೆವು. ಆ ಸಲ ಬೆಲೆಯ ಕಲಂ ಖಾಲಿ ಉಳಿಯಲಿಲ್ಲ.

ಮೂವತ್ತೊಂದು ಮಕ್ಕಳೂ ಶಾಲೆಗೆ ಬರುತ್ತಿದ್ದಾರೆ, ದಡದಿಂದ ತಾವೇ ನಡೆದುಕೊಂಡು. ಅಷ್ಟು ಉಳಿಯಿತು. ಗೇಟಿನ ತನಕ ಬರುತ್ತಿದ್ದ ಏಳು ಜನರನ್ನು ಶಾಲೆ ಕಳೆದುಕೊಂಡಿತು. ಕಳೆದವಳು ನಾನು.