ಸಕ್ಕರೆಯ ಕೈ

ಅಕ್ಕನ ಎರಡು ಬೆರಳನ್ನು ಕಬ್ಬಿನ ಗಾಣ ನುಂಗಿ ಹನ್ನೊಂದು ವರ್ಷವಾಗಿತ್ತು. ಕಬ್ಬು ನೆಲದ ನೀರನ್ನೂ ಜನರ ಮೈಯನ್ನೂ ಹೇಗೆ ಹೀರಿತೆಂದು ಪ್ರದರ್ಶನದಲ್ಲಿ ತೋರಿಸಲು ಕಲಾವಿದೆಯೊಬ್ಬಳು ಆ ಕೈಯ ಅಚ್ಚು ತೆಗೆದಳು. ಆ ಅಚ್ಚಿಗೆ ಸಕ್ಕರೆ ಪಾಕ ಹೊಯ್ದು ಕೈ ಮಾಡಿಕೊಟ್ಟವನು ಅಕ್ಕನ ತಮ್ಮ, ಸಕ್ಕರೆ ಗೊಂಬೆ ಮಾಡಿಯೇ ಬದುಕಿದವನು. ಮುಕ್ಕಾದ ಗೊಂಬೆಯನ್ನು ಯಾರೂ ಕೊಳ್ಳರು. ಆ ರೂಢಿಯಲ್ಲೇ ಅಚ್ಚು ಕೊರೆದು ಐದೂ ಬೆರಳು ಮೂಡಿಸಿದ್ದ.

“ಉಗುರೂ ಬಂದಿದೆಯಲ್ಲೋ,” ಎಂದು ಅಕ್ಕ ನೋಡುತ್ತಲೇ ಇದ್ದಳು. “ಹಾಗೇ ಒಂದು ಉಂಗುರನೂ ಹಾಕಬಾರದಿತ್ತಾ?”

ಕಲಾವಿದೆಯ ಮುಖ ಸಪ್ಪಗಾಯಿತು. “ಇಲ್ಲದ ಬೆರಳನ್ನೇ ಜನ ನೋಡಬೇಕಿತ್ತು ಅಣ್ಣಾ. ಅವೆರಡು ತೆಗೆದುಬಿಡಿ.”

ತಮ್ಮನ ಕೈ ಏಳಲಿಲ್ಲ. ಅಕ್ಕನೇ ಒಂದೊಂದಾಗಿ ಮುರಿದಳು.

“ಈ ಸಲ ನೋಯಲಿಲ್ಲ ಬಿಡು.”

ಮುರಿದ ಸಕ್ಕರೆಯನ್ನು ಮತ್ತೆ ಬಾಣಲೆಗೆ ಹಾಕಿ ಕರಗಿಸುವುದು ವಾಡಿಕೆ. ತಮ್ಮ ಆ ತುಂಡುಗಳನ್ನು ಹಿಡಿದು ಒಲೆಯ ಮುಂದೆ ನಿಂತೇ ಇದ್ದ.