ಮೋಟಾರಿಗೆ ಕೊಟ್ಟ ಆನಿಕೆ

ಜತ್ತ ಇನ್ನೂ ಎರಡು ಮೈಲಿ ಇರುವಾಗಲೇ, ಹಂಪ್ಸ್ ದಾಟಿದ ಜೀಪಿನ ಹಿಂದೆ ಟಣ್ ಎಂದು ಸದ್ದಾಯಿತು. ಶಿವಪುತ್ರ ಬ್ರೇಕು ಒತ್ತಿ, ಇಳಿದು ಓಡಿದ.

ಜೀಪಿಗೆ ಕಟ್ಟಿದ ಟ್ರೇಲರಿನ ಮೇಲೆ ಬಿಳೂರಿನ ಮೀನು ಸೊಸೈಟಿಯ ದೋಣಿ, ದೋಣಿಯ ಹಿಂಬದಿಗೆ ಮೋಟಾರು. ನೀರಿಗಿಳಿಯುವ ಅದರ ಕಾಲು ಮೇಲೆತ್ತಿ, ಬೆರಳುದ್ದದ ಕೊಂಡಿಗೆ ಸಿಕ್ಕಿಸಿ, ಮುಂಜಾನೆ ಅವನೇ ಕಬ್ಬಿನ ಲೋಡು ಬಿಗಿಯುವ ಹಾಗೆ ಕೆಳಕ್ಕೆ ಜಗ್ಗಿ ಜಗ್ಗಿ ಕಟ್ಟಿದ್ದ. ಮೂವತ್ತು ವರ್ಷ ಕಬ್ಬು ಹೇರಿದ ಕೈ. ಒಂದು ಜಲ್ಲೆ ಬಿದ್ದದ್ದಿಲ್ಲ ಎಂಬ ಜಂಬ ಬೇರೆ! ಈಗ ಕೊಂಡಿ ಮುರಿದು ಮೋಟಾರಿನ ಕಾಲು ಜೋತುಬಿದ್ದಿತ್ತು. ತುದಿಯಲ್ಲಿ ನೀರು ತಳ್ಳುವ ರೆಕ್ಕೆಗೂ ಡಾಂಬರಿಗೂ ನಾಲ್ಕೇ ಬೆರಳು ಅಂತರ.

"ನಾ ಬ್ಯಾಡ ಅಂದಿದ್ನಿಲ್ರಿ ಕಾಕಾ?" ಎಂದ ದೋಣಿ ನಡೆಸುವ ರಾಜರತ್ನ. "ಕೆಳಗ ಆಸರ ಇಲ್ದ ಬಿಗದ್ರ ಎಲ್ಲಾ ಭಾರ ಕೊಂಡಿ ಮ್ಯಾಲ ಬೀಳತೈತಿ. ಹಿಂಗ ಹೋದ್ರ ಮುಂದಿನ ಹಂಪ್ಸಿಗೆ ರೆಕ್ಕಿ ಹೋತು. ಆಮ್ಯಾಗ ಆ ನೀರಾಗ ಇದು ಬರೇ ತೊಟ್ಲ."

ಕೃಷ್ಣೆ ಉಕ್ಕಿದ್ದಳು. ಹೊಳೆದಂಡೆಯ ಊರಿಗೆ ಕೊಟ್ಟ ಶಿವಪುತ್ರನ ತಂಗಿ ದಾಕ್ಷಾಯಣಿ ಎರಡು ದಿನದಿಂದ ಇಪ್ಪತ್ತು ಮಂದಿಯ ಜೊತೆ ಶಾಲೆಯ ಮಾಳಿಗೆ ಮೇಲಿದ್ದಳು. "ಅಣ್ಣಾ, ನೀರಿಗೆ ಇನ್ನ ಆರ ಮೆಟ್ಟಲ ಉಳದಾವು," ಎಂದದ್ದೇ ಕೊನೆ, ಫೋನು ಸತ್ತಿತ್ತು. ಅಲ್ಲಿಯ ದೋಣಿಗಳೆಲ್ಲ ಬೇರೆ ಊರುಗಳಿಗೆ ಹೋಗಿದ್ದವು. ಕಡೆಗೆ ಕರೆ ಬಂದದ್ದು ಬರದ ಸೀಮೆ ಜತ್ತಿನ ಬಿಳೂರಿಗೆ! ಕಾಲುವೆ ನೀರಿಗೆ ಕೆರೆ ತುಂಬಿದ ಮೇಲೆ ತಂದ ಈ ಒಂದು ದೋಣಿಗೆ.

ಪಕ್ಕದ ಹೊಲದಲ್ಲಿ ಎತ್ತು ಬಿಚ್ಚಿದ ಚಕ್ಕಡಿ ನಿಂತಿತ್ತು. ನೊಗ ಕಟ್ಟುವ ಅದರ ಮೂಕಿ ನೆಲಕ್ಕೆ ತಾಗದಂತೆ ಕವೆಗೋಲಿನ ಆನಿಕೆ ಕೊಟ್ಟಿದ್ದರು. ಶಿವಪುತ್ರ ಅದನ್ನೇ ನೋಡುತ್ತ ನಿಂತ. ಹುಟ್ಟಿದಾಗಿನಿಂದ ಕಂಡದ್ದು, ಮುಂಜಾನೆ ನೆನಪಾಗಬಾರದಿತ್ತೆ!

"ಯಜಮಾನ್ರ, ಆ ಆನಿಕಿ ಕೊಡ್ರಿ. ನೀರಾಗ ಮಂದಿ ಸಿಕ್ಕಾರ, ನನ್ನ ತಂಗೀನೂ ಅದಾಳ."

ಹೊಲದ ಮುದುಕ ಮುರಗೆಪ್ಪ ದೋಣಿ ನೋಡಿದ, ಇವನ ಮುಖ ನೋಡಿದ. "ಒಯ್ಯೋ ತಮ್ಮಾ. ಚಕ್ಕಡಿ ಮಲಗಿದ್ರ ಮಲಗಲಿ," ಎಂದು ತಾನೇ ಕಿತ್ತುಕೊಟ್ಟ.

ಮುದುಕನ ಕೊಡಲಿಯಿಂದ ಕೋಲನ್ನು ಗೇಣುದ್ದ ಗಿಡ್ಡ ಮಾಡಿ, ಬುಡವನ್ನು ಟ್ರೇಲರಿನ ಕಬ್ಬಿಣಕ್ಕೆ ಬಿಗಿದು, ಕವೆಗೆ ಗೋಣಿಚೀಲ ಸುತ್ತಿ, ಅದರಲ್ಲಿ ಮೋಟಾರಿನ ಕಾಲು ಕೂರಿಸಿದರು. ಆಮೇಲೆ ಶಿವಪುತ್ರ ಮೈಯೆಲ್ಲ ಬಲ ಹಾಕಿ ಜಗ್ಗಿ ಕಟ್ಟಿದ. ರಾಜರತ್ನ ಅಲುಗಾಡಿಸಿ ನೋಡಿದ. ಮೋಟಾರು, ಕೋಲು, ಟ್ರೇಲರು ಮೂರೂ ಒಟ್ಟಿಗೇ ಅಲುಗಿದವು.

"ಈಗ ಹೊಡೀರಿ ಕಾಕಾ, ಲಗೂನ."

ಮಧ್ಯಾಹ್ನ ರಸ್ತೆ ಇದ್ದಕ್ಕಿದ್ದಂತೆ ನೀರಿನೊಳಗೆ ಇಳಿದು ಕಾಣದಾಯಿತು. ಅಬಬಬಾ! ಶಿವಪುತ್ರ ಸ್ಟೇರಿಂಗ್ ಹಿಡಿದೇ ಕುಳಿತ. ಒಂದು ಕೊಡ ನೀರಿಗೆ ಮೈಲಿ ನಡೆದ ತಾಯಿಯ ಮಗ ಅವನು. ಈ ದಂಡೆ ಇತ್ತು, ಆ ದಂಡೆ ಎಂಬುದೇ ಇರಲಿಲ್ಲ. ಕಬ್ಬಿನ ಹೊಲಗಳ ಮೇಲೆ, ಲೈಟ್ ಕಂಬಗಳ ಕುತ್ತಿಗೆಯ ತನಕ, ಕೆಂಪು ನೀರು ಸದ್ದಿಲ್ಲದೆ ನಡೆದಿತ್ತು. ಭಯಕ್ಕೋ ಭಕ್ತಿಗೋ, ಇಳಿಯುವಾಗ ಅವನು ಚಪ್ಪಲಿ ಬಿಟ್ಟ.

"ಇಷ್ಟ ನೀರು ಜಗತ್ತಿನ್ಯಾಗ ಐತೇನೋ, ರಾಜರತ್ನ?"

ರಾಜರತ್ನ ದೋಣಿ ನೀರಿಗಿಳಿಸಿ ಮೋಟಾರಿನ ಹಗ್ಗ ಜಗ್ಗಿದ. ಮೂರನೆಯ ಜಗ್ಗಿಗೆ ಮೋಟಾರು ಹತ್ತಿಕೊಂಡಿತು. ದೋಣಿ ಚುಕ್ಕಿಯಾಯಿತು, ಸದ್ದೂ ಅಡಗಿತು. ಶಿವಪುತ್ರ ದಂಡೆಯಲ್ಲೇ ಕಾದ.

ಮೊದಲ ಸಲ ಮಕ್ಕಳು, ಮುದುಕರು ಬಂದರು. ಎರಡನೆಯ ಸಲ ದಾಕ್ಷಾಯಣಿ. ಅವನು ಮೊಣಕಾಲುದ್ದ ನೀರಿಗಿಳಿದು ಎರಡೂ ಕೈ ಚಾಚಿದ. ಅವಳು ಹಿಡಿಯಲಿಲ್ಲ.

"ತಡಿಯಣ್ಣಾ. ಹೊಳೆವ್ವಗ ಉಡಿ ತುಂಬಬೇಕು."

"ನಿನ್ನ ಮನೀನ ನುಂಗ್ಯಾಳಲ್ಲ, ಹುಚ್ಚಿ! ಅಕಿಗೆ ಉಡಿ?"

"ನುಂಗ್ಯಾಳ. ನನ್ನ ಬಿಟ್ಟಾಳಲ್ಲ."

ಎದೆಗವಚಿಕೊಂಡಿದ್ದ ಗಂಟು ಬಿಚ್ಚಿ ಹಸಿರು ರವಿಕೆ ಖಣ ತೆಗೆದಳು. ಕಣ್ಣಿಗೊತ್ತಿ, ಬಗ್ಗಿ, ನೀರಿಗೆ ಬಿಟ್ಟಳು. ಅದು ಮಡಿಕೆ ಬಿಚ್ಚಿಕೊಂಡು, ಮುಳುಗಿದ ಕಬ್ಬಿನ ಮೇಲೆ ಮೆಲ್ಲಗೆ ತೇಲುತ್ತ ಹೋಯಿತು. ಶಿವಪುತ್ರ ಚಾಚಿದ ಕೈಗಳನ್ನು ಹಾಗೇ ಜೋಡಿಸಿದ.